ಶಾಲೆಯ ಆಯ್ಕೆಯೂ ನಮ್ಮ ಸೀಮೆಯ ಇತಿಹಾಸವೂ: ಒಂದು ವಿಮರ್ಶೆ

ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂಬುದು ಮೇಲುನೋಟಕ್ಕೆ ಮನೆಯೊಳಗಿನ ಪ್ರಶ್ನೆ. ತಾಯಿತಂದೆಗಳು ತಮ್ಮ ಗಳಿಕೆಯನ್ನು ನೋಡಿಕೊಂಡು, ನೆರೆಹೊರೆಯವರನ್ನು ಕೇಳಿ, ಹಿರಿಯರೊಡನೆ ವಿಚಾರಿಸಿ ಅದನ್ನು ತೀರ್ಮಾನಿಸುತ್ತಾರೆ. ಇದರಲ್ಲಿ ಇತಿಹಾಸದ ಅಭ್ಯಾಸಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಒಂದು ಊರಿನ ನೂರಾರು ಮನೆಗಳು ಬೇರೆಬೇರೆಯಾಗಿ ಮಾಡಿದ ತೀರ್ಮಾನಗಳು ಒಂದುಗೂಡಿದಾಗ ಆ ಊರಿನ ಶಾಲೆಗಳ ಸ್ವರೂಪವೇ ಬದಲಾಗುತ್ತದೆ. ಯಾರ ಮಕ್ಕಳು ಯಾರ ಜೊತೆಗೆ ಕುಳಿತು ಓದುತ್ತಾರೆ, ಯಾವ ಶಾಲೆ ಬೆಳೆಯುತ್ತದೆ, ಯಾವುದು ಬಡವಾಗುತ್ತದೆ ಎಂಬುದು ಅದರಿಂದ ನಿಶ್ಚಯವಾಗುತ್ತದೆ. ಅಲ್ಲಿಗೆ ಅದು ಮನೆಯ ವಿಷಯವಾಗಿ ಉಳಿಯದೆ ಸಮಾಜದ ಇತಿಹಾಸದ ವಿಷಯವಾಗುತ್ತದೆ. ಈ ಪ್ರಶ್ನೆಯನ್ನು ಕುರಿತು ಇಂದು ಬಳಕೆಯಲ್ಲಿರುವ ಎರಡು ಅಭಿಪ್ರಾಯಗಳನ್ನು ನಮ್ಮ ಸೀಮೆಯ ಶಿಕ್ಷಣದ ಇತಿಹಾಸದ ಬೆಳಕಿನಲ್ಲಿ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಚಾರವು ನೆಲದ ಮೇಲೆ ನಿಲ್ಲುವಂತಿರಲು ಅಮೀನಗಡವನ್ನು ಕಣ್ಮುಂದೆ ಇಟ್ಟುಕೊಳ್ಳೋಣ. ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ಹಾದಿಯ ಮೇಲಿನ ಈ ಊರು ಕುರಿಯ ಸಂತೆಗೂ ಕರದಂಟಿಗೂ ಹೆಸರಾದುದು. ಸುತ್ತಲೂ ಸೂಳೇಭಾವಿ, ಕಮತಗಿ, ಇಳಕಲ್ಲ, ಗುಳೇದಗುಡ್ಡಗಳ ಮಗ್ಗಗಳಿವೆ. ಮಳೆಯನ್ನು ನಂಬಿದ ಹೊಲಗಳಿವೆ. ಸುಗ್ಗಿ ತೀರಿದ ಮೇಲೆ ಕೂಲಿಗಾಗಿ ಗೋವೆಯ ಕಡೆಗೂ ಕರಾವಳಿಯ ಕಡೆಗೂ ಹೋಗುವ ಕುಟುಂಬಗಳಿವೆ. ಅಂಗಡಿಕಾರ, ನೇಕಾರ, ಕುರಿಗಾರ, ಶಿಕ್ಷಕ, ಕೂಲಿಕಾರ ಎಲ್ಲರೂ ಇರುವ ಇಂಥ ಊರಿನಲ್ಲಿ ಶಾಲೆಯ ಆಯ್ಕೆಯ ಪ್ರಶ್ನೆ ಎಲ್ಲರಿಗೂ ಒಂದೇ ಬಗೆಯಾಗಿ ಬರುವುದಿಲ್ಲ. ಕೆಲವರಿಗೆ ಅದು ಎರಡು ಶಾಲೆಗಳ ನಡುವಿನ ತೂಕ. ಕೆಲವರಿಗೆ ಸಾಲ ಮಾಡಬೇಕೋ ಬೇಡವೋ ಎಂಬ ಲೆಕ್ಕ. ಇನ್ನು ಕೆಲವರಿಗೆ ಆಯ್ಕೆಯೆಂಬುದೇ ಇಲ್ಲ.

ಈಗ ಎರಡು ಅಭಿಪ್ರಾಯಗಳನ್ನು ನೋಡೋಣ. ಶಾಲೆಯ ಆಯ್ಕೆ ಸಂಪೂರ್ಣವಾಗಿ ಪಾಲಕರದು, ಅದರಲ್ಲಿ ಅನ್ಯರು ಮಾತನಾಡಲಾಗದು ಎಂಬುದು ಮೊದಲನೆಯದು. ಇದಕ್ಕೆ ನ್ಯಾಯಾಲಯದ ಬೆಂಬಲವೂ ಉಂಟೆಂದು ಹೇಳಲಾಗುತ್ತದೆ. 1994ರ ಏಪ್ರಿಲಿನಲ್ಲಿ ಕರ್ನಾಟಕ ಸರಕಾರವು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಇಲ್ಲವೆ ಕನ್ನಡವೇ ಮಾಧ್ಯಮವಾಗಿರಬೇಕೆಂದು ಆಜ್ಞೆ ಹೊರಡಿಸಿತು. 2008ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಇದು ಅನ್ವಯಿಸದೆಂದಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಪ್ರಾಥಮಿಕ ಹಂತದಲ್ಲಿ ಮಗುವಿನ ಪರವಾಗಿ ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದೆಂದೂ ಮಾತೃಭಾಷೆಯನ್ನು ಸರಕಾರವು ಬಲವಂತವಾಗಿ ಹೇರಲಾಗದೆಂದೂ ತೀರ್ಪಿತ್ತಿತು. ಎರಡನೆಯ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದುದು. ಸರಕಾರಿ ಶಾಲೆಯನ್ನು ಬಿಟ್ಟು ಹೋಗುವ ಪಾಲಕರು ನಾಡಿಗೂ ನುಡಿಗೂ ದ್ರೋಹ ಬಗೆಯುತ್ತಾರೆಂದೂ ಇಂಗ್ಲಿಷಿನ ಮೋಹವೇ ಇದಕ್ಕೆಲ್ಲ ಮೂಲವೆಂದೂ ಈ ಪಕ್ಷದವರು ಹೇಳುತ್ತಾರೆ. ಎರಡೂ ಅಭಿಪ್ರಾಯಗಳಲ್ಲಿ ಸತ್ಯದ ಅಂಶವಿದೆ. ಆದರೆ ಎರಡೂ ಒಂದು ಮುಖ್ಯ ವಿಷಯವನ್ನು ಬಿಟ್ಟುಬಿಡುತ್ತವೆಂಬುದು ನಮ್ಮ ವಾದ. ಸರಕಾರಿ ಶಾಲೆಯೆಂದರೆ ಏನು, ಅದು ಸರಕಾರಿ ಆದುದು ಹೇಗೆ ಎಂಬುದೇ ಆ ವಿಷಯ.

ಇದನ್ನು ತಿಳಿಯಲು ಕೊಂಚ ಹಿಂದಕ್ಕೆ ಹೋಗಬೇಕು. ಈಗಿನ ವಿಜಯಪುರ ಜಿಲ್ಲೆಯ ಇಂಡಿಯ ಬಳಿಯ ಸಾಲೋಟಗಿಯ ಶಾಸನ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಕ್ರಿ.ಶ. 945ರ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಈ ಶಾಸನದಲ್ಲಿ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಯ ವಿವರವಿದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳು, ದೀಪದ ವೆಚ್ಚಕ್ಕೆ 12 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ ಅಲ್ಲಿ ಏರ್ಪಟ್ಟಿದ್ದವು. ಮದುವೆಯೊಂದಕ್ಕೆ 5, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂವರೆ ನಾಣ್ಯಗಳನ್ನು ಊರಿನವರು ಶಾಲೆಗೆ ಸಲ್ಲಿಸಬೇಕೆಂಬ ಕಟ್ಟುಪಾಡೂ ಇತ್ತು. ಮನೆಯಲ್ಲಿ ಶುಭಕಾರ್ಯವಾದರೆ ಶಾಲೆಗೂ ಒಂದು ಪಾಲು ಸಲ್ಲಬೇಕೆಂಬ ಈ ಭಾವನೆ ಉದಾತ್ತವಾದುದು. ಆದರೆ ಆ ಕಾಣಿಕೆಯ ಹೆಸರುಗಳೇ ಇನ್ನೊಂದು ಸಂಗತಿಯನ್ನು ಹೇಳುತ್ತವೆ. ಉಪನಯನವುಳ್ಳವರ ಶಾಲೆ ಅದು. ಆ ಊರಿನ ಒಕ್ಕಲಿಗನ, ನೇಕಾರನ, ಕುರುಬನ ಮಕ್ಕಳಿಗಾಗಿ ಏರ್ಪಟ್ಟುದಲ್ಲ. ಶಿಕ್ಷಣ ಉತ್ತಮವಾಗಿದ್ದು ಸಮಾಜವು ಅದನ್ನು ಹೊತ್ತು ನಡೆಸಿದರೂ ಬಾಗಿಲು ಎಲ್ಲರಿಗೂ ತೆರೆದಿರುವುದೆಂಬ ಭರವಸೆಯಿಲ್ಲ. ಸಾಲೋಟಗಿಯ ಶಾಸನವನ್ನು ಹೆಮ್ಮೆಯಿಂದ ಓದುವಾಗ ಈ ಎರಡನೆಯ ಪಾಠವನ್ನೂ ಓದಬೇಕು.

ಬಾಗಿಲಿನ ಪ್ರಶ್ನೆಯು ಸ್ಪಷ್ಟವಾಗಿ ಎದ್ದುದು ಇಂಗ್ಲಿಷರ ಕಾಲದಲ್ಲಿ, ನಮ್ಮ ಧಾರವಾಡದಲ್ಲಿಯೇ. 1856ರಲ್ಲಿ ಮಹಾರ ಜಾತಿಯ ಒಬ್ಬ ಬಾಲಕನು ಅಲ್ಲಿಯ ಸರಕಾರಿ ಶಾಲೆಗೆ ಪ್ರವೇಶ ಬೇಡಿದನು. ಪ್ರವೇಶ ದೊರೆಯಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಕೊಟ್ಟನು. ನ್ಯಾಯವು ಬಾಲಕನ ಕಡೆಗಿದೆಯೆಂಬುದನ್ನು ಸರಕಾರವು ಅಲ್ಲಗಳೆಯಲಿಲ್ಲ. ಆದರೆ ಒಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಶಾಲೆ ಬಿಟ್ಟು ಹೋದಾರೆಂಬ ಅಂಜಿಕೆಯಿಂದ ಕೈಕಟ್ಟಿ ಕುಳಿತಿತು. ವಿಷಯವು ಗವರ್ನರ್ ಜನರಲ್ಲರ ಮಂಡಲಿಗೂ ಅಲ್ಲಿಂದ ಕಂಪನಿಯ ನಿರ್ದೇಶಕರಿಗೂ ಹೋಯಿತು. ಸರಕಾರವು ತನ್ನ ವೆಚ್ಚದಿಂದ ನಡೆಸುವ ಶಾಲೆಗಳು ಎಲ್ಲ ವರ್ಗದ ಜನರಿಗೂ ತೆರೆದಿರತಕ್ಕವು ಎಂದು 1858ರಲ್ಲಿ ನಿರ್ದೇಶಕರು ಅಭಿಪ್ರಾಯವಿತ್ತರು. ತತ್ತ್ವವು ಕಾಗದದ ಮೇಲೆ ಬಂದಿತು. ಆಚರಣೆಗೆ ಬರಲು ಹಲವು ತಲೆಮಾರುಗಳೇ ಬೇಕಾದವು. 1882ರ ಹಂಟರ್ ಆಯೋಗವು ಈ ತತ್ತ್ವವನ್ನು ಮತ್ತೆ ಎತ್ತಿ ಹಿಡಿಯಬೇಕಾಯಿತೆಂಬುದೇ ಅದರ ನಿಧಾನಗತಿಗೆ ಸಾಕ್ಷಿ.

ಈ ಪ್ರಕರಣದಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಎರಡು ಅಂಶಗಳಿವೆ. ಕಟ್ಟಡ ಯಾರದು, ಸಂಬಳ ಕೊಡುವವರು ಯಾರು ಎಂಬುದರಿಂದ ಮಾತ್ರ ಸರಕಾರಿ ಶಾಲೆಯ ಲಕ್ಷಣ ನಿರ್ಣಯವಾಗುವುದಿಲ್ಲ. ಅದು ಯಾರನ್ನೂ ಹಿಂದಕ್ಕೆ ಕಳಿಸುವಂತಿಲ್ಲ ಎಂಬುದೇ ಅದರ ಮುಖ್ಯ ಲಕ್ಷಣ. ಇದು ಒಂದನೆಯದು. ಉಳಿದವರು ಬಿಟ್ಟು ಹೋದಾರು ಎಂಬ ಭಯವೇ ಆ ಬಾಲಕನ ಬಾಗಿಲನ್ನು ಮುಚ್ಚಿತು ಎಂಬುದು ಎರಡನೆಯದು. ಪಾಲಕರ ಆಯ್ಕೆಯು ಇನ್ನೊಬ್ಬರ ಮಗುವಿನ ಹಕ್ಕನ್ನು ಹೇಗೆ ಕುಗ್ಗಿಸಬಲ್ಲದೆಂಬುದಕ್ಕೆ ಇದಕ್ಕಿಂತ ಹಳೆಯ, ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ಸೀಮೆಯಲ್ಲಿ ಬೇರೊಂದು ನಮಗೆ ಕಾಣದು.

ಹಾಗಾದರೆ ಖಾಸಗಿ ಶಾಲೆಗಳೆಲ್ಲ ಈ ತತ್ತ್ವಕ್ಕೆ ವಿರೋಧಿಗಳೋ ಎಂಬ ಶಂಕೆ ಏಳಬಹುದು. ಇತಿಹಾಸ ಹಾಗೆ ಹೇಳುವುದಿಲ್ಲ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿಯೂ, ಫ. ಗು. ಹಳಕಟ್ಟಿಯವರು ಮುಂದೆ ನಿಂತು ಕಟ್ಟಿದ ವಿಜಾಪುರದ ಸಂಸ್ಥೆ 1910ರಲ್ಲಿಯೂ ಹುಟ್ಟಿದವು. ಸರಕಾರದ ಶಾಲೆಗಳು ತಲುಪದ ಕಡೆಗೆ ವಿದ್ಯೆಯನ್ನು ಒಯ್ಯುವುದು ಅವುಗಳ ಉದ್ದೇಶ. ಶಿರಸಿಯ ಸರಕಾರಿ ಶಾಲೆಯಲ್ಲಿ ಶಿಕ್ಷಕರಾಗಿದ್ದ ಹರ್ಡೇಕರ ಮಂಜಪ್ಪನವರು ಆ ನೌಕರಿಯನ್ನು ಬಿಟ್ಟು, ಮುಂದೆ ಕೃಷ್ಣೆಯ ದಂಡೆಯ ಆಲಮಟ್ಟಿಯಲ್ಲಿ ರಾಷ್ಟ್ರೀಯ ವಿಚಾರಗಳ ಅಡಿಪಾಯದ ಮೇಲೆ ವಿದ್ಯಾಲಯ ನಡೆಸಿದರು. ಇವೆಲ್ಲ ಕಾಯಿದೆಯ ದೃಷ್ಟಿಯಿಂದ ಖಾಸಗಿ, ಆಶಯದ ದೃಷ್ಟಿಯಿಂದ ಸಾರ್ವಜನಿಕ. ಸರಕಾರವು ಮಾಡಲಾರದುದನ್ನು ಜನರ ವತಿಯಿಂದ ಮಾಡಿ ತೋರಿಸುವ ಹಂಬಲ ಅವುಗಳ ಹಿಂದಿತ್ತು. ಆದುದರಿಂದ ಖಾಸಗಿ, ಸರಕಾರಿ ಎಂಬ ಎರಡು ಶಬ್ದಗಳಿಂದಲೇ ಒಳ್ಳೆಯದು ಕೆಟ್ಟದ್ದೆಂಬ ನಿರ್ಣಯಕ್ಕೆ ಬರುವುದು ಸರಿಯಲ್ಲ.

ಇನ್ನು 'ಪ್ರಗತಿಪರ' ಎಂಬ ಶಬ್ದ. ಹೊಸ ಪದ್ಧತಿಯ ಖಾಸಗಿ ಶಾಲೆಯನ್ನು ಮೆಚ್ಚುವ ಪಾಲಕರು ಮಗು ಅಂಜದೆ ಕಲಿಯಲಿ, ಕೈಯಿಂದ ಮಾಡಿ ಕಲಿಯಲಿ, ತನ್ನ ಗತಿಯಲ್ಲಿ ಕಲಿಯಲಿ ಎಂದು ಬಯಸುತ್ತಾರೆ. ಬಯಕೆ ಯೋಗ್ಯವಾದುದೇ. ಆದರೆ ಈ ಪದ್ಧತಿ ನಮ್ಮ ನಾಡಿನಲ್ಲಿ ಸಂಚರಿಸಿದ ಹಾದಿ ಹಲವರಿಗೆ ತಿಳಿದಿಲ್ಲ. 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಅವರು ಕೋಲಾರ ಜಿಲ್ಲೆಯ ರಾಯಲ್ಪಾಡಿನಲ್ಲಿ ನೀಲ್ ಬಾಗ್ ಎಂಬ ಶಾಲೆಯನ್ನು ಹಳ್ಳಿಯ ಮಕ್ಕಳಿಗಾಗಿ ತೆರೆದರು. ಬೇರೆಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕುಳಿತು, ಪರೀಕ್ಷೆಯ ಭಯವಿಲ್ಲದೆ ಕಲಿಯುವ ಶಾಲೆ ಅದು. ಅಲ್ಲಿ ತರಬೇತಿ ಪಡೆದವರ ಕೈಯಲ್ಲಿ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳು ಈ ವಿಧಾನವನ್ನು ಕಾರ್ಡುಗಳ, ಮೆಟ್ಟಿಲುಗಳ ಕ್ರಮವಾಗಿ ಬೆಳೆಸಿದವು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಿಕ್ಷಕರು ಅದನ್ನು ನೋಡಿ ಬಂದು, ಯುನಿಸೆಫಿನ ನೆರವಿನಿಂದ ತಮ್ಮ ಶಾಲೆಗಳಿಗೆ ಒಗ್ಗಿಸಿಕೊಂಡರು. ಅದೇ ನಲಿ-ಕಲಿ. 2009-10ರ ಶಾಲಾವರ್ಷದಿಂದ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು.

ಇದರ ಅರ್ಥವನ್ನು ನಿಧಾನವಾಗಿ ಗ್ರಹಿಸಬೇಕು. ಪ್ರಗತಿಪರ ಶಿಕ್ಷಣವು ಖಾಸಗಿ ಪ್ರಯೋಗವಾಗಿ ಹುಟ್ಟಿ ಸರಕಾರಿ ಶಾಲೆಯ ಸ್ವತ್ತಾಯಿತು. ಮಗುವಿನ ಕೈಗೆ ನಿಲುಕುವಂತೆ ಗೋಡೆಯ ಕೆಳಭಾಗದಲ್ಲಿ ಕಪ್ಪುಹಲಗೆ, ಪ್ರತಿಯೊಬ್ಬ ಮಗುವಿನ ಮುನ್ನಡೆಯನ್ನು ಗುರುತಿಸುವ ಪ್ರಗತಿನೋಟ, ತಲೆಯ ಮೇಲೆ ಕಲಿಕಾ ಚಪ್ಪರ, ಗುಂಪುಗುಂಪಾಗಿ ಕಲಿಯುವ ಮಕ್ಕಳು: ಇವೆಲ್ಲ ನಲಿ-ಕಲಿ ಕೊಠಡಿಯ ಲಕ್ಷಣಗಳು. ಇದೇ ಕಾಲದಲ್ಲಿ ಸಣ್ಣ ಊರುಗಳ ಎಷ್ಟೋ ಖಾಸಗಿ ಶಾಲೆಗಳಲ್ಲಿ ಪ್ರಗತಿಯ ಗುರುತುಗಳೆಂದರೆ ಕೊರಳಪಟ್ಟಿ, ಹಳದಿ ಬಸ್ಸು, ಬಾಯಿಪಾಠ, ದಪ್ಪವಾದ ಮನೆಪಾಠದ ವಹಿ. ಕಂಠಪಾಠ ಒಪ್ಪಿಸುವ ಮಗುವನ್ನು ಕಂಡು ತಂದೆಗೆ ಹಿಗ್ಗು; ಹಾಡಿ ಆಡಿ ಕಲಿಯುವ ಮಗುವನ್ನು ಕಂಡು 'ಇದೆಂಥಾ ಸಾಲಿ, ಬರೇ ಆಟ' ಎಂಬ ಅಸಮಾಧಾನ. ಪಾಲಕರು ಪ್ರಗತಿಪರ ಶಾಲೆಯನ್ನು ಹುಡುಕುತ್ತ, ಹೆಸರಿನಲ್ಲಿ ಅಲ್ಲದಿದ್ದರೂ ವಿಧಾನದಲ್ಲಿ ಪ್ರಗತಿಪರವಾದುದನ್ನು ಬಿಟ್ಟು ಹೋಗುವ ಸಂಭವ ಹೀಗೆ ಒದಗುತ್ತದೆ.

ನಲಿ-ಕಲಿಯಲ್ಲಿ ದೋಷಗಳೇ ಇಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಮನಸ್ಸಿಟ್ಟು ರೂಪಿಸಿದುದು ರಾಜ್ಯಕ್ಕೆಲ್ಲ ಆಜ್ಞೆಯ ರೂಪದಲ್ಲಿ ಬಂದಾಗ ಅದರ ಸತ್ವ ಎಲ್ಲೆಡೆಯೂ ಉಳಿಯಲಿಲ್ಲ. ಒಬ್ಬ ಶಿಕ್ಷಕರೇ ಹಲವು ತರಗತಿಗಳನ್ನು ನೋಡಬೇಕಾದಲ್ಲಿ ಕಾರ್ಡುಗಳು ಕಪಾಟಿನಲ್ಲಿಯೇ ಉಳಿಯುತ್ತವೆ. ಮೂರನೆಯ ತರಗತಿಯವರೆಗೆ ಒಂದು ಬಗೆಯಾಗಿ ಕಲಿತ ಮಗು ನಾಲ್ಕನೆಯದರಲ್ಲಿ ಮತ್ತೆ ಹಳೆಯ ಪಠ್ಯಪುಸ್ತಕದ ಕ್ರಮಕ್ಕೆ ಬಂದು ತಬ್ಬಿಬ್ಬಾಗುವುದುಂಟು. ಪಾಲಕರ ಅಸಮಾಧಾನದಲ್ಲಿ ಇಂಥ ನಿಜವಾದ ಕಾರಣಗಳೂ ಸೇರಿವೆ. ಇವನ್ನು ಮೋಹವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಈಗ ಎರಡನೆಯ ಅಭಿಪ್ರಾಯದ ದೋಷ ಸ್ಪಷ್ಟವಾಗುತ್ತದೆ. ನೇಕಾರನು ಮಗನನ್ನು ಇಂಗ್ಲಿಷ್ ಶಾಲೆಗೆ ಕಳಿಸಲು ಸಾಲ ಮಾಡುವುದು ಕನ್ನಡದ ಮೇಲಿನ ಅನಾದರದಿಂದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಸೀಮೆಯ ಕಚೇರಿಗಳಲ್ಲಿ ಮರಾಠಿ ನಡೆಯುತ್ತಿದ್ದಾಗ ಕನ್ನಡಿಗರ ಮಕ್ಕಳು ಮರಾಠಿ ಶಾಲೆಗಳಲ್ಲಿ ಕುಳಿತರು. ಡೆಪ್ಯೂಟಿ ಚನ್ನಬಸಪ್ಪನವರು (1834–1881) ಆ ಪಾಲಕರನ್ನು ಬಯ್ಯುತ್ತ ಕೂಡಲಿಲ್ಲ. ಕನ್ನಡ ಶಾಲೆಗಳನ್ನು ಹೆಚ್ಚಿಸಿದರು, ಅವುಗಳಿಗೆ ಬೇಕಾದ ಶಿಕ್ಷಕರನ್ನೂ ಪುಸ್ತಕಗಳನ್ನೂ ಸಿದ್ಧಪಡಿಸುವುದರಲ್ಲಿ ಆಯುಷ್ಯವನ್ನು ಸವೆಸಿದರು. ಅನ್ನದ ದಾರಿ ಯಾವ ಭಾಷೆಯಲ್ಲಿ ಕಾಣುತ್ತದೆಯೋ ಆ ಕಡೆಗೆ ಪಾಲಕರ ಕಣ್ಣು ಹೋಗುವುದು ಸಹಜ. ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು 2007ರಲ್ಲಿ ತೊಡಗಿದುದೂ, 2019ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆದುದೂ ಈ ಸಹಜತೆಯನ್ನು ಸರಕಾರವೇ ಒಪ್ಪಿಕೊಂಡುದರ ಕುರುಹು. ಮೇಲಾಗಿ, ಕನ್ನಡ ಶಾಲೆಯ ಮಹಿಮೆಯನ್ನು ವೇದಿಕೆಯಿಂದ ಹೇಳುವವರ ಮಕ್ಕಳು ಎಲ್ಲಿ ಓದುತ್ತಾರೆಂಬುದು ಊರಿನವರಿಗೆ ತಿಳಿಯದ ಸಂಗತಿಯೇನಲ್ಲ. ತಾನು ತೆರದ ಬೆಲೆಯನ್ನು ಬಡವನು ತೆರಬೇಕೆಂಬ ಉಪದೇಶಕ್ಕೆ ತೂಕವಿಲ್ಲ.

ಮೊದಲನೆಯ ಅಭಿಪ್ರಾಯದ ದೋಷ ಬೇರೆ ಬಗೆಯದು. ಸರಕಾರವು ಬಲವಂತ ಮಾಡಬಹುದೇ ಎಂಬುದು 2014ರ ಪ್ರಕರಣದಲ್ಲಿ ನ್ಯಾಯಾಲಯದ ಮುಂದಿದ್ದ ಪ್ರಶ್ನೆ. ಅದಕ್ಕೆ ಕೊಟ್ಟ ಉತ್ತರವನ್ನು, ಆಯ್ಕೆ ಮಾಡಿದಲ್ಲಿಗೆ ಪಾಲಕರ ಕರ್ತವ್ಯ ಮುಗಿಯಿತೆಂಬ ಅರ್ಥಕ್ಕೆ ಎಳೆಯುವುದು ತಪ್ಪು. ಹಕ್ಕು ಒಬ್ಬೊಬ್ಬರದು, ಪರಿಣಾಮ ಎಲ್ಲರದು. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ನರು 1970ರ ತಮ್ಮ ಗ್ರಂಥದಲ್ಲಿ ಇದನ್ನು ಚೆನ್ನಾಗಿ ವಿವೇಚಿಸಿದ್ದಾರೆ. ಸಂಸ್ಥೆಯೊಂದು ಕೆಡುತ್ತ ಬಂದಾಗ ಜನರಿಗೆ ಎರಡು ದಾರಿಗಳಿವೆ: ಬಿಟ್ಟು ಹೋಗುವುದು, ಇಲ್ಲವೆ ಒಳಗಿದ್ದು ದನಿಯೆತ್ತುವುದು. ಸಾರ್ವಜನಿಕ ಶಾಲೆಯ ವಿಷಯದಲ್ಲಿ ಮೊದಲು ಬಿಟ್ಟು ಹೋಗುವವರು ಗುಣವನ್ನು ಹೆಚ್ಚು ಗಮನಿಸುವ ಪಾಲಕರು, ದನಿಯೆತ್ತಬಲ್ಲವರೂ ಅವರೇ. ಅವರು ಹೋದ ಮೇಲೆ ಶಾಲೆ ಇನ್ನಷ್ಟು ಬೇಗನೆ ಕೆಡುತ್ತದೆ. ಅಮೀನಗಡದಂಥ ಊರಿನಲ್ಲಿ ಇದರ ಅರ್ಥವೇನೆಂದು ಬೇರೆ ವಿವರಿಸಬೇಕಾಗಿಲ್ಲ. ಅಂಗಡಿಕಾರನ, ಶಿಕ್ಷಕನ, ಕಚೇರಿಯ ನೌಕರನ ಮಕ್ಕಳು ಹೋದ ಮೇಲೆ ಶಿಕ್ಷಕರ ಸ್ಥಾನ ಖಾಲಿ ಬಿದ್ದರೆ ಅಧಿಕಾರಿಗಳಿಗೆ ಪತ್ರ ಬರೆಯುವವರು ಯಾರು? ಕೂಲಿಗಾಗಿ ಊರು ಬಿಟ್ಟು, ನಾಲ್ಕು ತಿಂಗಳ ಮೇಲೆ ಮಗುವನ್ನು ಕರೆತಂದು ಬಾಗಿಲಲ್ಲಿ ನಿಲ್ಲುವ ತಾಯಿಗೆ ಆ ಶಾಲೆಯೊಂದೇ ಗತಿ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಆ ಮಗುವಿಗೆ ವರ್ಷದ ನಡುವೆಯೂ ಪ್ರವೇಶ ನಿರಾಕರಿಸಲಾಗದು. 1858ರ ತತ್ತ್ವ ಇಂದಿಗೂ ಜೀವಂತವಾಗಿರುವುದು ಇಂಥ ಮಗುವಿನಲ್ಲಿ. ಬಾಗಿಲು ತೆರೆದಿದ್ದರೂ ಒಳಗೆ ಶಿಕ್ಷಕರಿಲ್ಲದಿದ್ದರೆ ಆ ತತ್ತ್ವದಿಂದ ಫಲವೇನು?

ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು (1964–66) ನೆರೆಹೊರೆಯ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯುವ ಸಮಾನ ಶಾಲಾವ್ಯವಸ್ಥೆಯನ್ನು ಸೂಚಿಸಿತ್ತು. ಅದು ನೆರವೇರಲಿಲ್ಲ. 2009ರ ಕಾಯಿದೆಯು ಅನುದಾನರಹಿತ ಖಾಸಗಿ ಶಾಲೆಗಳಲ್ಲಿ ನಾಲ್ಕರಲ್ಲಿ ಒಂದು ಪಾಲನ್ನು ದುರ್ಬಲ ವರ್ಗದವರ ಮಕ್ಕಳಿಗೆ ಕಾದಿರಿಸಿತು. 2019ರ ನಿಯಮದಿಂದ ಕರ್ನಾಟಕವು ಸರಕಾರಿ ಇಲ್ಲವೆ ಅನುದಾನಿತ ಶಾಲೆ ಇರುವ ನೆರೆಹೊರೆಯಲ್ಲಿ ಈ ಸೌಲಭ್ಯವನ್ನು ತೆಗೆದುಹಾಕಿತು. ಸರಕಾರಿ ಶಾಲೆಯನ್ನು ಉಳಿಸಲು ಇದು ಬೇಕಾಗಿತ್ತೆಂದು ಒಂದು ಪಕ್ಷದವರೂ, ಬಡವರ ಆಯ್ಕೆಯನ್ನು ಕಿತ್ತುಕೊಂಡಂತಾಯಿತೆಂದು ಇನ್ನೊಂದು ಪಕ್ಷದವರೂ ವಾದಿಸಿದರು. ಹಣವುಳ್ಳವರ ಆಯ್ಕೆ ಹಾಗೆಯೇ ಉಳಿದು ಹಣವಿಲ್ಲದವರ ಆಯ್ಕೆ ಮಾತ್ರ ಕುಗ್ಗಿತೆಂಬುದನ್ನು ನಾವು ಗಮನಿಸಬೇಕು. ಹೊರಟುಹೋಗುವ ದಾರಿಯನ್ನು ಕೆಲವರಿಗಷ್ಟೇ ಮುಚ್ಚಿದರೆ ಶಾಲೆ ಸುಧಾರಿಸದು. ಒಳಗಿರುವವರ ದನಿಗೆ ಬಲ ಬರಬೇಕು.

ಆ ದನಿಗೆ ಕಾಯಿದೆಯಲ್ಲಿ ಸ್ಥಾನವುಂಟು. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟವು. 2009ರ ಕಾಯಿದೆಯು ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಆಗಿರಬೇಕೆಂದೂ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದೂ ವಿಧಿಸಿತು. ಶುಲ್ಕ ಕೊಡುವ ಶಾಲೆಯಲ್ಲಿ ಪಾಲಕನು ಗಿರಾಕಿ. ಸರಕಾರಿ ಶಾಲೆಯಲ್ಲಿ ಅವನು ಮೇಲುಸ್ತುವಾರಿಯ ಅಧಿಕಾರವುಳ್ಳವನು. ಈ ಅಧಿಕಾರವು ಬಹುಮಟ್ಟಿಗೆ ಸಹಿ ಹಾಕುವುದರಲ್ಲಿಯೇ ಮುಗಿಯುತ್ತಿದ್ದರೆ ಅದಕ್ಕೆ ಕಾಯಿದೆಯ ಕೊರತೆ ಕಾರಣವಲ್ಲ. ಅದನ್ನು ಬಳಸಬಲ್ಲವರು ಶಾಲೆಯ ಹೊರಗೆ ನಿಂತಿರುವುದೇ ಕಾರಣ.

ನಮ್ಮ ವಿಚಾರವನ್ನು ಹೀಗೆ ಕ್ರೋಡೀಕರಿಸಬಹುದು. ಪಾಲಕರು ತೂಗಿ ನೋಡುವುದು ತಪ್ಪಲ್ಲ. ತೂಗುವಾಗ ಬಳಸುವ ತೂಕದ ಕಲ್ಲುಗಳು ಸಾಲವು. ಖಾಸಗಿ ಶಾಲೆಯ ಬಗೆಗೆ: ಅಲ್ಲಿಯ ಪ್ರಗತಿ ಕಲಿಸುವ ವಿಧಾನದಲ್ಲಿದೆಯೇ, ವೇಷದಲ್ಲಿದೆಯೇ? ಆ ಶಾಲೆ ಯಾರನ್ನು ಹಿಂದಕ್ಕೆ ಕಳಿಸುತ್ತದೆ? ಸರಕಾರಿ ಶಾಲೆಯ ಬಗೆಗೆ: ಅಲ್ಲಿಯ ಕೊರತೆ ಪದ್ಧತಿಯದೇ, ಶಿಕ್ಷಕರ ಅಭಾವದ್ದೇ? ನಾವು ಒಳಗಿದ್ದರೆ ಅದು ನೀಗಬಲ್ಲುದೇ? ಈ ಪ್ರಶ್ನೆಗಳನ್ನು ಕೇಳಿದ ಮೇಲೆಯೂ ಒಬ್ಬ ಪಾಲಕನು ಖಾಸಗಿ ಶಾಲೆಯನ್ನು ಆರಿಸಿದರೆ ಅವನನ್ನು ದೂಷಿಸುವುದು ಸಲ್ಲದು. ಆದರೆ ಪ್ರಶ್ನೆಗಳನ್ನು ಕೇಳದೆ ಮಾಡಿದ ಆಯ್ಕೆಯನ್ನು ಸ್ವಾತಂತ್ರ್ಯವೆಂದು ಕೊಂಡಾಡುವುದೂ ಸಲ್ಲದು.

ಕೊನೆಯಲ್ಲಿ ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಹುನಗುಂದ, ಬಾದಾಮಿ, ಬಾಗಲಕೋಟೆ ತಾಲೂಕುಗಳ ಹಳೆಯ ಗಂಡುಮಕ್ಕಳ, ಹೆಣ್ಣುಮಕ್ಕಳ ಶಾಲೆಗಳಲ್ಲಿ ಉಳಿದಿರುವ ದಾಖಲಾತಿ ವಹಿಗಳು ಇತಿಹಾಸದ ಆಕರಗಳು. ಮಗುವಿನ ಹೆಸರು, ತಂದೆಯ ಉದ್ಯೋಗ, ಜಾತಿ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಇವು ಅಲ್ಲಿ ಸಾಲುಸಾಲಾಗಿ ಸಿಕ್ಕಾವು. ಒಂದು ಊರಿನ ನೇಕಾರರ ಮಕ್ಕಳು ಯಾವಾಗ ಶಾಲೆಗೆ ಬಂದರು, ಹೆಣ್ಣುಮಕ್ಕಳು ಯಾವ ತರಗತಿಯವರೆಗೆ ಉಳಿದರು, ವರ್ತಕರ ಮಕ್ಕಳು ಯಾವ ವರ್ಷದಿಂದ ಕಾಣೆಯಾದರು ಎಂಬುದನ್ನು ಈ ವಹಿಗಳಿಂದ ತಿಳಿಯಬಹುದು. ಕಟ್ಟಡಗಳು ಬದಲಾಗುತ್ತಿವೆ, ಶಾಲೆಗಳು ಕೂಡಿಹೋಗುತ್ತಿವೆ, ವಹಿಗಳು ಗೆದ್ದಲಿಗೆ ಆಹಾರವಾಗುತ್ತಿವೆ. ಶಿಲಾಶಾಸನಗಳನ್ನು ಓದುವ ಶ್ರದ್ಧೆಯಲ್ಲಿ ಒಂದು ಪಾಲನ್ನಾದರೂ ಈ ಕಾಗದದ ದಾಖಲೆಗಳಿಗೆ ಸಲ್ಲಿಸಿದರೆ, ಪಾಲಕರ ಆಯ್ಕೆಯನ್ನು ಕುರಿತು ಇಂದು ಊಹೆಯಿಂದ ಆಡುವ ಎಷ್ಟೋ ಮಾತುಗಳಿಗೆ ಆಧಾರ ದೊರೆಯುವುದು, ಎಷ್ಟೋ ಮಾತುಗಳು ಬಿದ್ದುಹೋಗುವುವು.